ನಲವತ್ತಮೂರು ಪೊಟ್ಟಣ ಭತ್ತ

2025ರ ಜನವರಿ 19, ಭಾನುವಾರ. ಬೆಳಿಗ್ಗೆ ಆರು ನಲವತ್ತಕ್ಕೆ ಬರೆಯಲು ಕೂತಿದ್ದೇನೆ.

ಹೋದ ಭಾನುವಾರ ತೀರ್ಥಹಳ್ಳಿಯಲ್ಲಿ ನಮ್ಮ ಸರ್ ಅವರ ಶ್ರದ್ಧಾಂಜಲಿ ಸಭೆ ಇತ್ತು. ಹನ್ನೊಂದು ಜನ ಮಾತಾಡಿದರು. ಕೈಯಲ್ಲಿ ಪೆನ್ನಿದ್ದರೆ ಎಣಿಸದೆ ಇರುವುದು ನನಗೆ ಬರುವುದಿಲ್ಲ. ‘ಸಮಾನತೆ’ ಎಂಬ ಮಾತು ಮೂವತ್ತೊಂಬತ್ತು ಸಲ ಬಂತು, ‘ಆದರ್ಶ’ ಇಪ್ಪತ್ತೆರಡು ಸಲ. ಭತ್ತದ ಸುದ್ದಿ ಒಂದು ಸಲವೂ ಬರಲಿಲ್ಲ. ಸಭೆ ಮುಗಿದ ಮೇಲೆ ಅವರ ನೆನಪಿನ ಪುಸ್ತಕ ತರುವ ಸಮಿತಿಯವರೊಬ್ಬರು ನನ್ನ ಹತ್ತಿರ ಬಂದು, ನೀವು ಸರ್ ಜೊತೆಗೇ ಇದ್ದವರು, ಎರಡು ಪುಟ ಬರೆದುಕೊಡಿ, ಒಳ್ಳೊಳ್ಳೆಯ ನೆನಪುಗಳಿರುತ್ತವಲ್ಲ ಎಂದರು.

ನೆನಪುಗಳಿವೆ. 2022ರ ಯುಗಾದಿಯಿಂದ ಡಿಸೆಂಬರ್‌ವರೆಗೆ ನಾನು ಅವರು ಕಟ್ಟಿದ, ಕೂಡಿ ದುಡಿದು ಕೂಡಿ ಉಣ್ಣುವ ಸಮುದಾಯದಲ್ಲಿದ್ದೆ. ಆ ದಿನಗಳ ಡೈರಿಯೂ ಅಲ್ಲಿನ ಕೆಲಸದ ಪುಸ್ತಕವೂ ಈಗ ನನ್ನ ಮುಂದಿವೆ. ಅವರ ಹೆಸರು ಬರೆಯುವುದಿಲ್ಲ. ಹೆಸರಿನಿಂದ ಅವರಿಗೆ ಸಿಗಬೇಕಾದದ್ದೆಲ್ಲ ಬದುಕಿದ್ದಾಗಲೇ ಸಿಕ್ಕಿದೆ.

ಸಾಗರದಲ್ಲಿ ನಾನು ಬಿ.ಎ. ಓದುವಾಗ ಅವರು ನಮಗೆ ಇತಿಹಾಸದ ಪಾಠ ಮಾಡುತ್ತಿದ್ದರು. ಚೆನ್ನಾಗಿ ಮಾಡುತ್ತಿದ್ದರು, ಇದನ್ನು ಒಪ್ಪಿಕೊಳ್ಳದಿದ್ದರೆ ಮುಂದೆ ಬರೆಯುವುದನ್ನು ಯಾರೂ ನಂಬಬೇಕಾಗಿಲ್ಲ. ಸಿಲಬಸ್ ಒಂದು ಕಡೆ ಬಿಟ್ಟು, ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ‘ಎಲ್ಲವೂ ಎಲ್ಲರದು’ ಎಂದು ಹೊಲ ಹಿಡಿದು ಕೂತವರ ಕಥೆ ಹೇಳುತ್ತಿದ್ದರು. ಒಂದು ಪಂಥದವರು ಮದುವೆಯನ್ನೇ ಬಿಟ್ಟು, ಚೆಂದದ ಕುರ್ಚಿಗಳನ್ನು ಮಾಡುತ್ತ, ಪ್ರಾರ್ಥನೆಯ ಹೊತ್ತಿಗೆ ಎದ್ದು ಕುಣಿಯುತ್ತಿದ್ದರಂತೆ. ಇನ್ನೊಂದು ಕಡೆ ಅಂಗಡಿಯ ಸಾಮಾನಿಗೆ ದುಡಿಮೆಯ ಗಂಟೆಯೇ ಬೆಲೆಯಂತೆ. ಎಷ್ಟು ಹೊತ್ತು ದುಡಿದಿರೋ ಅಷ್ಟು ಹೊತ್ತಿನ ಚೀಟಿ. ಹೇಳುವಾಗ ಎರಡೂ ಅಂಗೈಗಳನ್ನು ತಕ್ಕಡಿಯ ತಟ್ಟೆಗಳ ಹಾಗೆ ಮೇಲೆತ್ತಿ, ಮೆಲ್ಲಗೆ ಒಂದೇ ಮಟ್ಟಕ್ಕೆ ತಂದು ನಿಲ್ಲಿಸುತ್ತಿದ್ದರು. ಕೊನೆಯ ಬೆಂಚಿನವರೂ ಆಗ ಮಾತು ನಿಲ್ಲಿಸುತ್ತಿದ್ದರು.

ಅವರಿಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಮೆಸಾಚುಸೆಟ್ಸ್‌ನ ಗುಡ್ಡದ ಮೇಲಿನ ಒಂದು ಹೊಲದ್ದು. ಕೆಲವು ತತ್ವಜ್ಞಾನಿಗಳು ಅಲ್ಲಿ ಸಂಸಾರ ಹೂಡಿದರು. ಗುಲಾಮರು ಬಿಡಿಸಿದ್ದೆಂದು ಹತ್ತಿ ಉಡಲಿಲ್ಲ, ಕುರಿಗೆ ಸೇರಿದ್ದೆಂದು ಉಣ್ಣೆ ಉಡಲಿಲ್ಲ. ಹಾಲು ಕುಡಿಯಲಿಲ್ಲ. ಮೊದಮೊದಲು ಎತ್ತನ್ನೂ ಹೂಡಲಿಲ್ಲ. ಬಾರ್ಲಿ ಕೊಯ್ಲಾಗಿ ಹೊಲದಲ್ಲಿ ಬಿದ್ದಿದ್ದಾಗ ಬಿರುಗಾಳಿ ಬಂತು. ಅವರಲ್ಲೊಬ್ಬರ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಹಾಸಿಗೆಯ ಬಟ್ಟೆಯಲ್ಲಿ, ಬುಟ್ಟಿಯಲ್ಲಿ ತುಂಬಿ ತುಂಬಿ ಬೆಳೆಯನ್ನು ಒಳಗೆ ಹೊತ್ತಳು. ಇಲ್ಲಿಗೆ ಕಥೆ ನಿಲ್ಲಿಸಿ ಅವರು ಕೇಳುತ್ತಿದ್ದರು: “ಗಂಡಸರು ಎಲ್ಲಿದ್ದರು?” ಇಡೀ ಕ್ಲಾಸು ಒಂದೇ ದನಿಯಲ್ಲಿ, “ಭಾಷಣಕ್ಕೆ ಹೋಗಿದ್ರು ಸರ್” ಎನ್ನುತ್ತಿತ್ತು. ಅವರು ಕೆಮ್ಮು ಬರುವವರೆಗೆ ನಗುತ್ತಿದ್ದರು. ಮೂರು ವರ್ಷದಲ್ಲಿ ಈ ಕಥೆಯನ್ನು ನಾನು ಒಂಬತ್ತು ಸಲ ಕೇಳಿದ್ದೇನೆ, ಒಂಬತ್ತು ಸಲವೂ ಕೂಗಿದ್ದೇನೆ.

ನಿವೃತ್ತರಾದ ವರ್ಷವೇ ಅವರು ತಮ್ಮದೊಂದು ಸಮುದಾಯ ಕಟ್ಟಿದರು. ಮಾಸ್ತಿಕಟ್ಟೆಯಿಂದ ಸ್ವಲ್ಪ ಒಳಗೆ, ಅಣೆಕಟ್ಟಿನ ಕೆಲಸ ನಡೆಯುವಾಗ ಯಾರೋ ಹಾಕಿಸಿದ್ದ ತಗಡಿನ ಉದ್ದನೆಯ ಶೆಡ್ಡೊಂದಿತ್ತು; ಅದನ್ನು ಹಿಡಿದರು. ಏಳು ಜನ ಸೇರಿದೆವು. ತೀರ್ಥಹಳ್ಳಿಯ ಗಂಡ ಹೆಂಡತಿ, ಅವರ ಪರಿಚಯದ ಒಬ್ಬ ವಿದ್ಯಾರ್ಥಿ, ಬ್ಯಾಕೋಡಿನಲ್ಲಿ ಬೈಕ್ ರಿಪೇರಿ ಮಾಡಿಕೊಂಡಿದ್ದ ಶಶಿ, ನಾನು, ಸರ್. ಏಳನೆಯವರು ಗಿರಿಜಕ್ಕ. ಶೆಡ್ಡಿಗೆ ತಾಗಿಕೊಂಡ ಒಂದು ಎಕರೆ ಹತ್ತು ಗುಂಟೆ ಗದ್ದೆ ಅವರದು. ಗಂಡ ತೀರಿಕೊಂಡಿದ್ದರು, ಮಗಳು ಮದುವೆಯಾಗಿ ಹೋಗಿದ್ದಳು, ನಾಟಿಗೂ ಕೊಯ್ಲಿಗೂ ಜನ ಸಿಗುತ್ತಿರಲಿಲ್ಲ. ಸುತ್ತಲಿನ ಗದ್ದೆಗಳಿಗೆಲ್ಲ ಮಣ್ಣು ಹಾಕಿ ಅಡಿಕೆ ಇಟ್ಟಾಗಿತ್ತು. ಇವರು ಒಬ್ಬರೇ ಭತ್ತ ಬೆಳೆಯುತ್ತಿದ್ದರು.

ಸರ್ ಗಿರಿಜಕ್ಕನ ಮನೆಗೆ ಹೋಗಿ ಒಂದೂವರೆ ಗಂಟೆ ಅಮೆರಿಕದ ಕಥೆ ಹೇಳಿದರು. ಗಿರಿಜಕ್ಕ ಎಲ್ಲ ಕೇಳಿಸಿಕೊಂಡು, ಕೊನೆಗೆ ಕೇಳಿದ್ದು ಒಂದೇ ಮಾತು.

“ಕೊಯ್ಲಿನ ದಿನ ಎಷ್ಟು ಜನ ಇರ್ತೀರಿ?”

“ಏಳು ಜೊತೆ ಕೈ, ಗಿರಿಜಮ್ಮ. ಏಳೂ ನಿಮ್ಮವೇ.”

“ಹಂಗಾದ್ರೆ ಸಾಕು” ಎಂದು ಅವರು ಸೇರಿಕೊಂಡರು. ಎಲ್ಲವೂ ಎಲ್ಲರದು ಎಂಬುದನ್ನು ಅವರು ಮುಯ್ಯಾಳಿನ ಲೆಕ್ಕದಲ್ಲಿ ಅರ್ಥ ಮಾಡಿಕೊಂಡಿದ್ದರು ಎಂದು ಕಾಣುತ್ತದೆ: ನಿಮ್ಮ ಗದ್ದೆಗೆ ನಾವು, ನಮ್ಮ ಗದ್ದೆಗೆ ನೀವು. ನಮ್ಮಲ್ಲಿ ಉಳಿದ ಯಾರಿಗೂ ಗದ್ದೆ ಇರಲಿಲ್ಲ ಎಂಬುದು ಬೇರೆ.

ಶೆಡ್ಡಿನಲ್ಲಿ ಮೊಟ್ಟಮೊದಲು ಸಿದ್ಧವಾದದ್ದು ಬೋರ್ಡು. ಅದಕ್ಕೆ ಹದಿನಾಲ್ಕು ಗಂಟೆ ಹಿಡಿಯಿತು. ಪಾಯಖಾನೆಯ ಬಾಗಿಲು ಸಿದ್ಧವಾದದ್ದು ಮೂವತ್ತೆಂಟನೆಯ ದಿನ.

ಕೆಲಸದ ಪುಸ್ತಕ ನನ್ನ ಕೈಯಲ್ಲಿತ್ತು. ಗಂಟೆಗೊಂದು ಗೀಟು, ಯಾರ ಗಂಟೆಯೂ ಹೆಚ್ಚಲ್ಲ ಕಡಿಮೆಯಲ್ಲ ಎಂಬುದು ನಿಯಮ. ಮೂರನೆಯ ವಾರ ಸರ್ ನನ್ನನ್ನು ಕರೆದು, ಪುಸ್ತಕದಲ್ಲಿ ‘ಚಿಂತನೆ’ ಎಂಬ ಹೊಸ ಕಾಲಂ ಎಳೆಯಲು ಹೇಳಿದರು. ಬೌದ್ಧಿಕ ಶ್ರಮವನ್ನು ಕಾಣದೆ ಹೋದದ್ದೇ ಆ ಹಳೆಯ ಸಮುದಾಯಗಳ ಸೋಲಿಗೆ ಕಾರಣ ಎಂದರು. ನಾನು ಸ್ಕೇಲು ಇಟ್ಟು ನೇರವಾಗಿ ಎಳೆದೆ. ಡಿಸೆಂಬರ್ ಹತ್ತಕ್ಕೆ ಕೂಡಿ ನೋಡಿದಾಗ ಗಿರಿಜಕ್ಕನ ಗಂಟೆಗಳು 1,912. ಸರ್ ಅವರದು 611, ಅದರಲ್ಲಿ ಚಿಂತನೆ 540. ಆ ಕಾಲಂನಲ್ಲಿ ಬೇರೆ ಯಾರದೂ ಒಂದು ಗೀಟು ಇಲ್ಲ. ಗಿರಿಜಕ್ಕ ನಾಟಿಯ ಹೊತ್ತಿನಲ್ಲಿ ಮುಂದಿನ ಸಾಲು, ನೀರು, ಮೋಡ ಎಲ್ಲವನ್ನೂ ಯೋಚಿಸುತ್ತಿದ್ದರು; ಅದು ನಾಟಿಯ ಲೆಕ್ಕಕ್ಕೇ ಹೋಯಿತು.

ಊಟ ಮುಗಿದ ಮೇಲೆ ಸರ್ ತಟ್ಟೆಗೆ ಒಂದು ಲೋಟ ನೀರು ಹಾಕಿ, “ನೆನೆಯಲಿ” ಎಂದು ಕಟ್ಟೆಯ ಮೇಲಿಡುತ್ತಿದ್ದರು. ತಟ್ಟೆ ನೆನೆಯುತ್ತಿತ್ತು. ಸಂಜೆ ಯಾರಾದರೂ ತೊಳೆಯುತ್ತಿದ್ದರು, ಹೆಚ್ಚು ಸಲ ಗಿರಿಜಕ್ಕ. ಅಷ್ಟೂ ದಿನಗಳಲ್ಲಿ ಅವರು ತಟ್ಟೆ ತೊಳೆದದ್ದು ಮೂರು ಸಲ. ಎರಡು ಸಲ ಪೇಪರಿನವರು ಕ್ಯಾಮೆರಾ ಹಿಡಿದು ಬಂದಿದ್ದರು. ಮೂರನೆಯ ಸಲ ಯಾಕೆ ತೊಳೆದರೋ ತಿಳಿಯದು. ಶಶಿ ಅದನ್ನು ನೋಡಿ, ಇವತ್ತು ಪೇಪರಿನವ್ರು ಲೇಟ್ ಅಂತ ಕಾಣ್ತದೆ ಎಂದಿದ್ದ.

ವೇದಿಕೆಯ ಮೇಲೆ ಗ್ರಂಥದ ಕನ್ನಡ ಬಿಟ್ಟು ಕದಲದವರು ಹಸಿವಾದಾಗ ಮಾತ್ರ ಮನೆಮಾತಿಗೆ ಇಳಿಯುತ್ತಿದ್ದರು. ಹನ್ನೆರಡೂವರೆಗೆ ಅಡಿಗೆಯ ಕಡೆ ಬಂದು, “ಎಂತ ಇದ್ದು ಊಟಕ್ಕೆ?” ಎನ್ನುತ್ತಿದ್ದರು. ಅವರ ಬಾಯಿಂದ ನಾನು ಕೇಳಿದ ಪ್ರಾಮಾಣಿಕ ವಾಕ್ಯ ಇದೊಂದೇ ಎಂದು ಡೈರಿಯಲ್ಲಿ ಬರೆದಿದ್ದೇನೆ. ಆಗ ತಮಾಷೆಗೆ ಬರೆದದ್ದು.

ಈಗ ಭತ್ತದ ವಿಷಯ.

ಗಿರಿಜಕ್ಕ ಬೆಳೆಯುತ್ತಿದ್ದ ಭತ್ತಕ್ಕೆ ಪೇಟೆಯ ಹೆಸರಿಲ್ಲ. ಅವರ ಮನೆಯಲ್ಲಿ ಅದನ್ನು ಅತ್ತೆ ಭತ್ತ ಎನ್ನುತ್ತಿದ್ದರು. ಅತ್ತೆಗೆ ಅವರ ಅತ್ತೆ ಕೊಟ್ಟದ್ದು, ಅದಕ್ಕೂ ಹಿಂದಿನದು ಯಾರಿಗೂ ಗೊತ್ತಿಲ್ಲ. ಕಾಳಿನ ತುದಿಗೆ ಬೆರಳುದ್ದದ ಕಪ್ಪು ಮೀಸೆ, ಅಕ್ಕಿ ಕೆಂಪು. ಆಳೆತ್ತರ ಬೆಳೆಯುತ್ತದೆ, ಎಂಟು ದಿನ ನೀರಿನಲ್ಲಿ ಮುಳುಗಿದ್ದರೂ ನೀರು ಇಳಿದ ಮೇಲೆ ಎದ್ದು ನಿಲ್ಲುತ್ತದೆ. ಪ್ರತಿ ವರ್ಷ ಬೀಜದ ಭತ್ತವನ್ನು ಎರಡು ಪಾಲು ಮಾಡಿ, ಒಂದನ್ನು ಬಿತ್ತಿ, ಇನ್ನೊಂದನ್ನು ಹುಲ್ಲಿನಲ್ಲಿ ಸುತ್ತಿ ಮುಡಿ ಕಟ್ಟಿ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುತ್ತಿದ್ದರು. ಹೊಸ ಬೆಳೆ ಮನೆಗೆ ಬರುವವರೆಗೆ ಆ ಮುಡಿಯನ್ನು ಬಿಚ್ಚುವಂತಿಲ್ಲ. ಬೆಳೆ ಹೋದ ವರ್ಷ ಅದೇ ಬೀಜ.

2022ರ ಜುಲೈ 10ಕ್ಕೆ ನಮ್ಮ ಸಮುದಾಯಕ್ಕೆ ನೂರು ದಿನ ತುಂಬುತ್ತಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದ ಅತಿಥಿಗಳನ್ನು ಕರೆದಿದ್ದರು. ಅವರಿಗೆ ನಮ್ಮ ನೆಲದ ಅಕ್ಕಿಯ ಅನ್ನವನ್ನೇ ಬಡಿಸಬೇಕೆಂದು ಸರ್ ಹಟ ಹಿಡಿದರು. ನಮ್ಮ ನೆಲದ ಬೆಳೆ ಆಗಿನ್ನೂ ಸಸಿಮಡಿಯಲ್ಲಿತ್ತು. ಇದ್ದದ್ದು ಅಟ್ಟದ ಮೇಲಿನ ಮುಡಿ ಒಂದೇ. ಜುಲೈ 8ರಂದು ಸಭೆ ಸೇರಿಸಿದರು. ಅವರ ವಾದ ಇಷ್ಟು: ಸಮುದಾಯದಲ್ಲಿ ಒಬ್ಬರ ಅಟ್ಟ ಎಂಬುದಿಲ್ಲ, ಕೂಡಿಡುವುದು ಭಯದ ಗುಣ, ಭಯ ಇರುವಲ್ಲಿ ಆಸ್ತಿ ಇರುತ್ತದೆ.

ಗಿರಿಜಕ್ಕ ಗೋಡೆಗೆ ಒರಗಿ ಕೂತಿದ್ದವರು ಎದ್ದು ನಿಂತರು.

“ಸರ್, ನಮ್ಮ ಮಾವನ ಕಾಲದಲ್ಲಿ ಗದ್ದೆ ಒಡೇರದ್ದು. ಎತ್ತು ಒಡೇರದ್ದು. ಬೀಜ ಮಾತ್ರ ನಮ್ದು. ಗೇಣಿ ಕೊಟ್ಟು ಏನೂ ಉಳೀದೆ ಇದ್ದ ವರ್ಷನೂ ನಮ್ಮತ್ತೆ ಮುಡಿ ಬಿಚ್ಲಿಲ್ಲ. ಮಕ್ಳಿಗೆ ಕೆಸುವಿನ ಗೆಡ್ಡೆ ಬೇಯ್ಸಿ ಹಾಕಿದ್ಲು.”

ಸರ್ ಅಂಗೈಗಳನ್ನು ಮೇಲೆತ್ತಿದರು, ಒಂದೇ ಮಟ್ಟಕ್ಕೆ ತಂದರು. “ನೋಡಿ, ಆ ಭಯದಿಂದ ನಿಮ್ಮನ್ನು ಬಿಡಿಸಲಿಕ್ಕೇ ನಾವು ಇಲ್ಲಿರುವುದು.”

ಗೇಣಿ ಪಡೆಯುತ್ತಿದ್ದ ಮನೆಯಲ್ಲಿ ಹುಟ್ಟಿದವರು, ಗೇಣಿ ಕೊಟ್ಟ ಮನೆಯವರಿಗೆ ಇದನ್ನು ಹೇಳಿದರು. ಆಮೇಲೆ ಕೈ ಎತ್ತಿಸಿದರು. ಮುಡಿ ಬಿಚ್ಚಲು ಆರು, ಬೇಡವೆಂದು ಒಂದು. ನಡಾವಳಿ ನನ್ನ ಅಕ್ಷರದಲ್ಲಿದೆ. ಆರರಲ್ಲಿ ಮೂರನೆಯ ಕೈ ನನ್ನದು. ಯಾಕೆ ಎತ್ತಿದೆ ಎಂದು ಅವತ್ತಿನ ಡೈರಿಯಲ್ಲಿ ಇಲ್ಲ. ಊಟಕ್ಕೆ ಏನಿತ್ತು ಎಂಬುದಿದೆ.

ಭತ್ತ ಮಿಲ್ಲಿಗೆ ಹೋಗುವ ಮೊದಲು ಸರ್‌ಗೆ ಇನ್ನೊಂದು ಹೊಳೆಯಿತು. ಅತಿಥಿಗಳಿಗೆ ನೆನಪಿನ ಕಾಣಿಕೆಯಾಗಿ ಒಂದೊಂದು ಹಿಡಿ ಭತ್ತ ಕೊಡಬೇಕು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಹರಿದು, ಚೌಕವಾಗಿ ಮಡಚಿ, ಬಾಳೆನಾರಿನಲ್ಲಿ ಕಟ್ಟಿದೆವು. ಪ್ರತಿಯೊಂದರ ಮೇಲೂ ಅವರೇ ನೀಲಿ ಶಾಯಿಯಲ್ಲಿ ‘ಎಲ್ಲರದು’ ಎಂದು ಬರೆದರು. ಈ ಬರವಣಿಗೆಗೆ ಎರಡು ಗಂಟೆ, ಚಿಂತನೆಯ ಕಾಲಂನಲ್ಲಿ. ಒಟ್ಟು ನಲವತ್ತಮೂರು ಪೊಟ್ಟಣ. ಹಂಚುವಾಗ ತೆಗೆದುಕೊಂಡವರ ಹೆಸರು, ಊರು ಬರೆದುಕೊಳ್ಳಲು ನಾನು ಪುಸ್ತಕ ತೆಗೆದೆ. ಸರ್ ನನ್ನ ಪೆನ್ನಿನ ಮೇಲೆ ಕೈ ಇಟ್ಟು, ಕೊಟ್ಟದ್ದಕ್ಕೆ ಹೆಸರು ಬರೆದರೆ ಅದು ಸಾಲವಾಗುತ್ತದೆ, ಬೇಡ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಜೀವನದಲ್ಲಿ ಎಣಿಸಿಯೂ ಬರೆದಿಡದೆ ಬಿಟ್ಟದ್ದು ಅದೊಂದನ್ನೇ.

ನಾಟಿಯಾಯಿತು, ಪೈರು ಚೆನ್ನಾಗಿ ಬಂತು. ಡಿಸೆಂಬರ್ 9ಕ್ಕೆ ಕೊಯ್ದೆವು; ಆರು ಜನ ಕೊಯ್ದೆವು, ಒಬ್ಬರು ಬದುವಿನ ಮೇಲೆ ನಿಂತು ಫೋಟೋ ತೆಗೆದರು. ಕೊಯ್ದ ಪೈರು ಎರಡು ದಿನ ಗದ್ದೆಯಲ್ಲೇ ಒಣಗಬೇಕು. 11ಕ್ಕೆ ಕಂತೆ ಕಂತೆ ಸೂಡು ಕಟ್ಟಿ ಕಣಕ್ಕೆ ಹೊರುವುದು ಎಂದು ಗಿರಿಜಕ್ಕ ಹೇಳಿದ್ದರು. ಏಳು ಜೊತೆ ಕೈ ಬೇಕಾದ ದಿನ ಅದೇ. ಆದರೆ 11 ಮತ್ತು 12ಕ್ಕೆ ಸಾಗರದಲ್ಲಿ ಸರ್ ಅವರ ಉಪನ್ಯಾಸಗಳಿದ್ದವು. ವಿಷಯ ‘ಸಮಾನ ಶ್ರಮ: ಒಂದು ಪ್ರಯೋಗ’. ಬರೀ ಮಾತು ಬೇಡ, ಸಮುದಾಯವನ್ನೇ ವೇದಿಕೆಗೆ ತರುತ್ತೇನೆ ಎಂದು ಅವರು ಒಪ್ಪಿಕೊಂಡಿದ್ದರು. ಹೀಗಾಗಿ ನಾವು ಆರು ಜನ ಬೆಳಿಗ್ಗೆಯ ಬಸ್ಸಿಗೆ ಹೊರಟೆವು. ಗಿರಿಜಕ್ಕ ಬರಲಿಲ್ಲ. ಗದ್ದೆಯಲ್ಲಿ ಪೈರು ಬಿಟ್ಟು ಯಾರು ಹೋಗ್ತಾರೆ ಎಂದರು. ಸಂಜೆಗೆ ಬಂದುಬಿಡುತ್ತೇವೆ, ನಾಳೆ ಹೊತ್ತರಾಯಿತು ಎಂದು ಸರ್ ಹೇಳಿದರು. ಉಪನ್ಯಾಸ ಎರಡು ದಿನದ್ದು ಎಂಬುದನ್ನು ಗಿರಿಜಕ್ಕನಿಗೆ ಯಾರೂ ಹೇಳಿರಲಿಲ್ಲ.

ಹನ್ನೊಂದೂ ಇಪ್ಪತ್ತಕ್ಕೆ ನನಗೆ ಗಿರಿಜಕ್ಕನ ಫೋನು ಬಂತು.

“ತಂಗಿ, ಮೋಡ ಕಟ್ತಾ ಅದೆ. ಗಾಳಿನೂ ತಿರುಗ್ತು. ಹನ್ನೆರಡರ ಬಸ್ಸಿಗೆ ಹೊರಟ್ರೂ ಸಾಕು, ಹೊರಬೌದು. ಸರ್‌ಗೆ ಹೇಳು.”

ಹೇಳಿದೆ. ಅವರು ಚಹಾ ಲೋಟ ಕೆಳಗಿಟ್ಟು, ಒಬ್ಬರ ಫೋನಿಗೆ ಎಲ್ಲರೂ ಎದ್ದು ಓಡುವುದಾದರೆ ಅದು ಸಮುದಾಯ ಅಲ್ಲ, ಸಂಸಾರ ಎಂದರು. ಸಭಾಭವನದ ಹಿಂದಿನ ಕೋಣೆಯಲ್ಲಿ ಮತ್ತೆ ಕೈ ಎತ್ತಿಸಿದರು. ಉಳಿಯಲು ನಾಲ್ಕು, ಹೋಗಲು ಎರಡು: ಶಶಿ ಮತ್ತು ನಾನು. ಶಶಿ ಕೈ ಕೆಳಗಿಳಿಸಲೇ ಇಲ್ಲ, ಹಾಗೇ ಚೀಲ ಹೆಗಲಿಗೇರಿಸಿ, “ನಂಗೆ ಎಣಿಸ್ಕಂಡು ಕೂರಕ್ಕಾಗಲ್ಲ, ನಾನು ಹೋಗ್ತೀನಿ” ಎಂದು ಹೊರಟುಹೋದ. ನಾನು ಹೋಗಲಿಲ್ಲ. ಬಹುಮತದ ತೀರ್ಮಾನ ಎಂದುಕೊಂಡೆ. ಮಧ್ಯಾಹ್ನ ವೇದಿಕೆಯ ಮೇಲೆ ಕೆಲಸದ ಪುಸ್ತಕವನ್ನು ಎತ್ತಿ ಹಿಡಿದು ಪುಟ ತಿರುಗಿಸುವುದು ನನ್ನ ಪಾಲಿನ ಕೆಲಸವಾಗಿತ್ತು, ಅದನ್ನು ಮಾಡಿದೆ. “ನೋಡಿ, ಇಲ್ಲಿ ಎಲ್ಲರ ಗಂಟೆಯೂ ಒಂದೇ” ಎಂದು ಸರ್ ತೋರಿಸಿದರು. ಮೊದಲ ಸಾಲಿನವರಿಗೂ ಅಂಕಿ ಕಾಣುವಷ್ಟು ಹತ್ತಿರ ನಾನು ಹಿಡಿದಿರಲಿಲ್ಲ. ಸಭಿಕರು ಎಂಬತ್ತಾರು ಜನ. ಮೆಸಾಚುಸೆಟ್ಸ್‌ನ ಕಥೆಯನ್ನೂ ಹೇಳಿದರು. ಗಂಡಸರು ಎಲ್ಲಿದ್ದರು ಎಂದು ಕೇಳಿದರು, ತಾವೇ ಉತ್ತರ ಹೇಳಿದರು, ನಕ್ಕರು. ಆ ಹೊತ್ತಿಗೆ ಹೊರಗೆ ಮಳೆ ಶುರುವಾಗಿತ್ತು. ಆ ಕಥೆ ನಾನು ಕೇಳಿದ್ದು ಅದು ಹತ್ತನೆಯ ಸಲ. ನಾನು ಕೂಗಲಿಲ್ಲ.

13ರ ಮಧ್ಯಾಹ್ನ ನಾವು ಬಸ್ಸಿಳಿದಾಗ ಶಶಿ ಸ್ಟಾಪಿನಲ್ಲೇ ನಿಂತಿದ್ದ. ಮೈಮೇಲಿನ ಬಟ್ಟೆ ಒಣಗಿರಲಿಲ್ಲ. 11ರಂದು ಅವನು ಗದ್ದೆ ಮುಟ್ಟುವ ಮೊದಲೇ ಮಳೆ ಹೊಡೆದಿತ್ತು. ಅವನೂ ಗಿರಿಜಕ್ಕನೂ ಸೇರಿ ಕತ್ತಲಾಗುವವರೆಗೆ ಹೊತ್ತರೂ ಎಂಟನೇ ಒಂದು ಭಾಗ ಕಣ ಸೇರಿತ್ತಂತೆ, ಅದೂ ಒದ್ದೆ. ಉಳಿದದ್ದು ನೀರಿನಲ್ಲಿತ್ತು. ಶಶಿ ಇದನ್ನೆಲ್ಲ ನನಗೆ ಆಮೇಲೆ ಹೇಳಿದ. ಆಗ ಅವನು ನಮ್ಮ ಕಡೆ ನೋಡದೆ ಸರ್ ಒಬ್ಬರನ್ನೇ ನೋಡಿ ಕೇಳಿದ:

“ಗಂಡಸ್ರು ಎಲ್ಲಿದ್ರು ಸರ್?”

ಅವರು ಕೊಡೆ ಬಿಚ್ಚುತ್ತ, ಇತಿಹಾಸದಲ್ಲಿ ಹಾಗೆಲ್ಲ ಹೋಲಿಕೆ ಮಾಡಬಾರದು ಎಂದರು. ಶೆಡ್ಡು ಸೇರಿ ಕಾಲು ತೊಳೆದುಕೊಂಡ ಮೇಲೆ ಅಡಿಗೆಯ ಕಡೆ ಹೋಗಿ ಕೇಳಿದರು: “ಎಂತ ಇದ್ದು ಊಟಕ್ಕೆ?”

ಅವತ್ತು ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಸರ್ ಗದ್ದೆಯ ಬದುವಿಗೆ ಹೋಗಿ, ಮೊಳಕೆ ಬಂದಿದ್ದ ಒಂದು ತೆನೆ ಎತ್ತಿ ನೋಡಿ, ಹಾಗೇ ನಿಂತರು. ನಲವತ್ತು ನಿಮಿಷ. ಅದನ್ನು ಯಾವ ಕಾಲಂಗೆ ಹಾಕಬೇಕೆಂದು ನನಗೆ ತಿಳಿಯಲಿಲ್ಲ. ಪುಸ್ತಕದಲ್ಲಿ ಆ ಸಾಲು ಖಾಲಿ ಇದೆ, ಲೆಕ್ಕ ಡೈರಿಯಲ್ಲಿದೆ. ವಾರದೊಳಗೆ ಅವರು ತೀರ್ಥಹಳ್ಳಿಯ ಅಣ್ಣನ ಮನೆಗೆ ಹೋದರು, ನಾವೂ ಚದುರಿದೆವು. ಮೂರು ತಿಂಗಳ ಮೇಲೆ ಅವರ ಲೇಖನವೊಂದು ಬಂತು: ಪ್ರಯೋಗ ನಿಂತದ್ದಕ್ಕೆ ಸದಸ್ಯರ ಮನಸ್ಸು ಇನ್ನೂ ಪಕ್ವವಾಗದಿದ್ದದ್ದು ಕಾರಣ. ಆರು ಪುಟಗಳಲ್ಲಿ ಗಿರಿಜಕ್ಕನ ಸುದ್ದಿ ಒಂದು ಸಾಲು, ‘ಸ್ಥಳೀಯ ಮಹಿಳೆಯೊಬ್ಬರ ಸಹಕಾರ’ ಎಂದು.

ಕಣ ಸೇರಿದ್ದ ಅಷ್ಟಿಷ್ಟನ್ನು ಗಿರಿಜಕ್ಕ ಶೆಡ್ಡಿನ ನೆಲದ ಮೇಲೆ ಹರವಿ ಒಣಗಿಸಿ ಮುಡಿ ಕಟ್ಟಿದ್ದರು. ಮುಂದಿನ ಜೂನ್‌ನಲ್ಲಿ ಸಸಿಮಡಿಗೆ ಹಾಕಿದರೆ ಒಂದು ಸಸಿಯೂ ಏಳಲಿಲ್ಲ. ಈಗ ಅವರು ಇಲಾಖೆಯ ಬೀಜ ತಂದು ಬಿತ್ತುತ್ತಾರೆ. ಬೆಳೆ ಬರುತ್ತದೆ, ತೊಂದರೆಯೇನಿಲ್ಲ. ಮುಡಿ ಕಟ್ಟುವುದನ್ನು ಬಿಟ್ಟಿದ್ದಾರೆ.

ಶ್ರದ್ಧಾಂಜಲಿ ಸಭೆಗೆ ಅವರೂ ಬಂದಿದ್ದರು. ಎರಡು ಬಸ್ಸು ಬದಲಿಸಿ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ಹನ್ನೊಂದೂ ಭಾಷಣ ಕೇಳಿದರು. ನನಗೆ ಸಿಟ್ಟು ಬಂದು, ಇವರಿಗಾಗಿ ಇಷ್ಟು ದೂರ ಯಾಕೆ ಬಂದಿರಿ ಅಕ್ಕ ಎಂದೆ.

“ಅವ್ರಿಗಲ್ಲ ಮಾರಾಯ್ತಿ. ಅವತ್ತು ಊಟಕ್ಕೆ ಬಂದೋರು ಇಲ್ಲಿಗೂ ಬಂದಿರ್ತಾರಲ್ಲ, ಅದ್ಕೆ. ಇಬ್ರು ಮುಖ ಗುರುತು ಸಿಕ್ತು, ಕೇಳ್ದೆ. ಒಬ್ರು ಪೊಟ್ಟಣ ಬಸ್ಸಲ್ಲೇ ಬಿಟ್ರಂತೆ. ಇನ್ನೊಬ್ರು ಗುಬ್ಬಿಗೆ ಹಾಕಿದ್ರಂತೆ.” ನನ್ನ ಕೈಯ ಪೆನ್ನು ನೋಡಿ ಕೇಳಿದರು, “ನೀ ಎಲ್ಲ ಬರ್ಕಳ್ತಿದ್ಯಲ್ಲ ತಂಗಿ. ಯಾರ್ಯಾರು ತಗಂಡ್ರು ಅಂತ ಬರ್ಕಂಡಿಲ್ವಾ?”

ಇಲ್ಲ ಎಂದೆ.

ನಲವತ್ತಮೂರರಲ್ಲಿ ಎರಡು ಹೋದರೆ ನಲವತ್ತೊಂದು. ಇದನ್ನು ಓದುವವರಲ್ಲಿ 2022ರ ಜುಲೈ 10ರಂದು ಮಾಸ್ತಿಕಟ್ಟೆಯ ಆ ಶೆಡ್ಡಿನಲ್ಲಿ ಕೆಂಪಕ್ಕಿಯ ಅನ್ನ ಉಂಡವರು ಇದ್ದರೆ, ದಯವಿಟ್ಟು ನಿಮ್ಮ ದೇವರ ಗೂಡು, ಮೇಜಿನ ಖಾನೆ, ಹಳೆಯ ಬ್ಯಾಗಿನ ಜೇಬು ಒಮ್ಮೆ ನೋಡಿ. ಕ್ಯಾಲೆಂಡರಿನ ಹಾಳೆ, ಬಾಳೆನಾರು, ನೀಲಿ ಶಾಯಿಯಲ್ಲಿ ‘ಎಲ್ಲರದು’ ಎಂದಿರುತ್ತದೆ. ತೆಗೆದುಕೊಂಡ ವರ್ಷವೇ ಯಾರಾದರೂ ಮಡಿಯಲ್ಲಿ ಬಿತ್ತಿದ್ದರೆ, ಕಪ್ಪು ಮೀಸೆಯ ಆ ಭತ್ತ ಈಗಲೂ ಎಲ್ಲೋ ನಿಂತಿರಬಹುದು. ಬರೀ ಇಟ್ಟುಕೊಂಡಿದ್ದರೂ ಎಸೆಯಬೇಡಿ. ಇಷ್ಟು ದಿನ ಇಟ್ಟ ಬೀಜ ಮೊಳೆಯುವುದು ಕಷ್ಟ ಎಂದು ಗಿರಿಜಕ್ಕನಿಗೆ ಗೊತ್ತು. ನೂರಕ್ಕೆ ಒಂದು ಮೊಳೆತರೂ ಮೂರು ವರ್ಷದಲ್ಲಿ ಗದ್ದೆ ತುಂಬಿಸುತ್ತೇನೆ ಎನ್ನುತ್ತಾರೆ. ಇದನ್ನು ಅಚ್ಚು ಹಾಕಿದವರ ವಿಳಾಸಕ್ಕೆ ಒಂದು ಕಾರ್ಡು ಬರೆದರೆ ನನಗೆ ತಲುಪುತ್ತದೆ. ನಿಮ್ಮ ಹೆಸರು, ಊರು ಮರೆಯದೆ ಬರೆಯಿರಿ.